ಪಟ್ಟಿಯಲ್ಲಿದ್ದ ಎರಡನೆಯ ಹೆಸರು

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ ಮಧ್ಯದಲ್ಲೇ ತಡೆದು, ಆಗ ಗಂಟೆ ಎಷ್ಟಾಗಿತ್ತು, ಜ್ವರ ಇತ್ತೇ, ಜೊತೆಗೆ ಬೇರೆ ಯಾರಿದ್ದರು ಎಂದು ಕೇಳುವ ಅಭ್ಯಾಸ ನನಗಿತ್ತು. ಸಂಖ್ಯಾಶಾಸ್ತ್ರ ಓದಿದವನು ನಾನು. ಲಕ್ಷಾಂತರ ಜನ ಲಕ್ಷಾಂತರ ದಿನ ಬದುಕುವಾಗ ಒಂದಷ್ಟು ಕಾಕತಾಳೀಯಗಳು ಆಗಲೇಬೇಕು, ಆಗದಿದ್ದರೆ ಅದೇ ಆಶ್ಚರ್ಯ ಎಂದು ವಾದಿಸಿ ಎಷ್ಟೋ ಜನರ ಊಟದ ಹೊತ್ತಿನ ಖುಷಿ ಕೆಡಿಸಿದ್ದೇನೆ. ಈಗ ಬರೆಯುತ್ತಿರುವುದನ್ನು ಇನ್ನೊಬ್ಬರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ನೀವು ನಂಬಬೇಕೆಂಬ ಒತ್ತಾಯವೂ ಇಲ್ಲ. ನೆನಪಿರುವುದನ್ನು ನೆನಪಿರುವ ಹಾಗೆ ಹೇಳುತ್ತೇನೆ. ನನ್ನ ನೆನಪಿನ ಮೇಲೆ ನನಗೇ ಅನುಮಾನ ಇರುವ ಕಡೆ ಅದನ್ನೂ ಹೇಳುತ್ತೇನೆ.

ಅದು ಡಾಟ್‌ಕಾಂ ಭರಾಟೆಯ ಕಾಲ. ಅಮೆರಿಕದ ಪಾಲೋ ಆಲ್ಟೋದಲ್ಲಿ ಒಂದು ಕಾರ್ಪೆಟ್ ಅಂಗಡಿಯ ಮಹಡಿಯ ಮೇಲೆ ನಮ್ಮ ಹನ್ನೊಂದು ಜನರ ಕಂಪನಿ. ನಾವು ಮಾರುತ್ತಿದ್ದದ್ದು ಆಫ್ರಿಕಾದ ಬೇಟೆ ಸಫಾರಿಗಳನ್ನು. ಅಮೆರಿಕದ ಹಣವಂತರು ನಮ್ಮ ವೆಬ್‌ಸೈಟಿನಲ್ಲಿ ದೇಶ, ಪ್ರಾಣಿ, ತಾರೀಖು ಆರಿಸಿಕೊಂಡರೆ ಅಲ್ಲಿನ ಬೇಟೆ ಕ್ಯಾಂಪಿನವರಿಗೆ ಪಟ್ಟಿ ಹೋಗುತ್ತಿತ್ತು. ಜೊತೆಗೆ ಹೋಗುವ ವೃತ್ತಿಪರ ಬೇಟೆಗಾರ ಯಾರು, ಹೆಜ್ಜೆಗುರುತು ಹಿಡಿದು ನಡೆಯುವ ಟ್ರ್ಯಾಕರುಗಳು ಯಾರು, ಅಡುಗೆಯವನು ಯಾರು ಎಂಬುದನ್ನೆಲ್ಲ ನಮ್ಮ ಪ್ರೋಗ್ರಾಮೇ ಹಂಚುತ್ತಿತ್ತು. ಆ ಪ್ರೋಗ್ರಾಮು ಬರೆದವನು ನಾನು, ಮೊಟ್ಟೆ ಕೂಡ ತಿನ್ನದ ಮಂಡ್ಯದ ಕಡೆಯ ಹುಡುಗ. ಬೇಟೆಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಗ್ರಾಹಕರ ದೂರುಗಳಿಂದ. ಒಬ್ಬನ ಬಂದೂಕು ವಿಮಾನ ನಿಲ್ದಾಣದಲ್ಲೇ ಉಳಿದುಬಿಟ್ಟಿತ್ತು. ಇನ್ನೊಬ್ಬ ಜಿಂಕೆಗೆ ಗುರಿಯಿಟ್ಟು ತನ್ನದೇ ಜೀಪಿನ ಟೈರಿಗೆ ಹೊಡೆದಿದ್ದ. ಮತ್ತೊಬ್ಬ, ಹತ್ತು ದಿನ ಕೂತರೂ ಸಿಂಹ ಬರಲಿಲ್ಲ, ಸಿಂಹದ ಪಾಲಿನ ದುಡ್ಡು ವಾಪಸು ಕೊಡಿ ಎಂದು ಬರೆದಿದ್ದ.

ನಾನು ಮಾಡಿದ ತಪ್ಪು ಬಹಳ ಚಿಕ್ಕದು. ಪ್ರೋಗ್ರಾಮು ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಎಲ್ಲರೂ ಸುಳ್ಳು ಹೆಸರುಗಳನ್ನು ತುಂಬುತ್ತಾರೆ. ನನ್ನ ಜೊತೆಯ ಡೇವ್ 'ಟೆಸ್ಟ್ ಒಂದು', 'ಟೆಸ್ಟ್ ಎರಡು' ಎಂದು ತುಂಬುತ್ತಿದ್ದ. ನನಗೆ ಅದು ಬೇಜಾರು. ಟ್ರ್ಯಾಕರುಗಳ ಪಟ್ಟಿಗೆ ನಮ್ಮೂರ ಶಾಲೆಯ ಜವಾನನ ಹೆಸರು ಹಾಕಿದೆ: ಕೆಂಚಯ್ಯ. ಅವನ ಬಗ್ಗೆ ವಿವರ ಬರೆಯುವ ಜಾಗದಲ್ಲೂ ಏನೋ ಎರಡು ಸಾಲು ಟೈಪು ಮಾಡಿದ್ದೆ. ವೆಬ್‌ಸೈಟು ತೆರೆಯುವ ಹಿಂದಿನ ದಿನ ಸುಳ್ಳು ಹೆಸರುಗಳನ್ನೆಲ್ಲ ತೆಗೆಯುವ ಕೆಲಸ ಡೇವ್‌ಗೆ ಬಂತು. ಟೆಸ್ಟ್ ಎಂದಿದ್ದದ್ದನ್ನೆಲ್ಲ ತೆಗೆದ. ಕೆಂಚಯ್ಯನನ್ನು ಮುಟ್ಟಲಿಲ್ಲ. ಅದು ಜಾಂಬಿಯಾದ ಹೆಸರಿರಬೇಕು ಅಂದುಕೊಂಡ. ನಾನೂ ಮರೆತೆ.

ಒಂದು ಸೆಪ್ಟೆಂಬರಿನ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಜಾಂಬಿಯಾದ ಕ್ಯಾಂಪಿನಿಂದ ಸ್ಯಾಟಲೈಟ್ ಫೋನು ಬಂತು. ಅಲ್ಲಿ ನಮಗಿಂತ ಒಂಬತ್ತು ಗಂಟೆ ಮುಂದೆ, ಕತ್ತಲಾಗಿತ್ತು. ನಮ್ಮ ಗಿರಾಕಿ, ಇಲ್ಲೇ ಹತ್ತಿರದ ಫಾಸ್ಟರ್ ಸಿಟಿಯ ಒಬ್ಬ ಡಾಕ್ಟರು, ಕಾಡೆಮ್ಮೆಗೆ ಗುಂಡು ಹಾರಿಸಿದ್ದರು, ಅದು ಗಾಯಗೊಂಡು ಪೊದೆಯೊಳಗೆ ಹೊಕ್ಕಿತ್ತು. ಗಾಯಗೊಂಡ ಪ್ರಾಣಿಯನ್ನು ಹಾಗೇ ಬಿಟ್ಟು ಬರುವಂತಿಲ್ಲ, ಅದು ಬೇಟೆಯವರ ಕಟ್ಟಳೆ. ಬೇಟೆಗಾರನೂ ಇದ್ದ ಒಬ್ಬನೇ ಟ್ರ್ಯಾಕರೂ ಅದರ ಬೆನ್ನು ಹತ್ತಿ ಹೋದರು. ಡಾಕ್ಟರನ್ನು ಒಂದು ಮರದ ಬಳಿ ನಿಲ್ಲಿಸಿ, ಕದಲಬೇಡಿ ಎಂದು ಹೇಳಿದರು. ಅಂಥ ಹೊತ್ತಿನಲ್ಲಿ ಗಿರಾಕಿಯ ಜೊತೆ ನಿಲ್ಲಬೇಕಾದವನು ಎರಡನೆಯ ಟ್ರ್ಯಾಕರು. ಅವನು ಬೇರೆ ಕ್ಯಾಂಪಿನಿಂದ ಇನ್ನೂ ಬಂದಿರಲಿಲ್ಲ. ಇವರು ತಿರುಗಿ ಬರುವಷ್ಟರಲ್ಲಿ ಮರದ ಬಳಿ ಡಾಕ್ಟರಿಲ್ಲ, ಕಾಡೆಮ್ಮೆಯ ಗೊರಸಿನ ಗುರುತುಗಳು ಮಾತ್ರ ಇದ್ದವು. ಟಾರ್ಚು ಹಿಡಿದು ಹುಡುಕುತ್ತಿದ್ದೇವೆ, ಬೆಳಗಾಗುವವರೆಗೆ ಹೆಚ್ಚೇನೂ ಮಾಡಲಾಗದು, ನಿಮ್ಮ ಪಟ್ಟಿಯಲ್ಲಿರುವ ಎರಡನೆಯವನು ಯಾವ ಕ್ಯಾಂಪಿನಲ್ಲಿದ್ದಾನೆ ತಕ್ಷಣ ಹೇಳಿ, ಎಂದು ಕೇಳಿದರು.

ಫೋನು ಹಿಡಿದಿದ್ದ ಡೇವ್ ನನ್ನ ಕಡೆ ತಿರುಗಿ ಪಟ್ಟಿ ನೋಡಲು ಹೇಳಿದ. ನಾನು ನೋಡಿದೆ. ಪರದೆಯ ಮೇಲೆ ಕೆಂಚಯ್ಯ ಎಂದಿತ್ತು.

ಆಮೇಲೆ ನಾನು ಮಾಡಿದ್ದನ್ನು ಸುಮ್ಮನೆ ಹೇಳಿಬಿಡುತ್ತೇನೆ. ನಾನಿದ್ದದ್ದು ಎಚ್-ಒನ್ ವೀಸಾದ ಮೇಲೆ. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಹೆಂಡತಿ ಸುಮಾಗೆ ಆಗ ಆರು ತಿಂಗಳು. ಅಂಥವನು ಇಲ್ಲ, ದಾಖಲೆಯಲ್ಲಿ ಏನೋ ದೋಷವಾಗಿದೆ ಎಂದು ಡೇವ್‌ಗೆ ಹೇಳಿದೆ. ಅವನು ಫೋನಿನ ಕಡೆ ತಿರುಗಿದ ಕೂಡಲೇ ಆ ಹೆಸರನ್ನೂ ಅದರ ಕೆಳಗಿದ್ದ ಎರಡು ಸಾಲನ್ನೂ ಓದದೆಯೇ ಅಳಿಸಿಹಾಕಿದೆ.

ಮಧ್ಯಾಹ್ನ ಆಫೀಸಿನಲ್ಲಿ ಕೂರಲಾಗಲಿಲ್ಲ. ಕಾರು ತೆಗೆದುಕೊಂಡು ಫ್ರೀವೇ ದಾಟಿ ಕೊಲ್ಲಿಯ ಅಂಚಿನ ಜೌಗು ನೆಲಕ್ಕೆ ಹೋದೆ. ಅಲ್ಲಿ ನೀರಿನ ಪಕ್ಕದ ಮಣ್ಣಿನ ಏರಿಯ ಮೇಲೆ ನಡೆಯಬಹುದು. ಎಷ್ಟು ದೂರ ನಡೆದೆನೋ ತಿಳಿಯದು. ಬಿಸಿಲು ಮಂಜಿನಂತೆ ಬಿಳಿಚಿಕೊಂಡಿತ್ತು. ಬೆಳ್ಳಕ್ಕಿಗಳು ಕದಲದೆ ನಿಂತಿದ್ದವು, ನೀರೂ ನಿಂತಿತ್ತು, ಆಕಾಶದಲ್ಲಿ ಒಂದು ವಿಮಾನವೂ ನಿಂತ ಹಾಗೆಯೇ ಇತ್ತು. ಈ ಬೆಳಕೇ ಇನ್ನೊಂದು ಕಡೆ ಕತ್ತಲೆ ಎಂಬುದು ನನಗೆ ಭೂಗೋಳದ ಪಾಠವಾಗಿ ಮಾತ್ರ ಗೊತ್ತಿತ್ತು. ಅವತ್ತು ಅದು ನನ್ನ ಪಾದದ ಕೆಳಗೇ, ಏರಿಯ ಮಣ್ಣಿನ ಆಚೆ ಮಗ್ಗುಲಲ್ಲೇ ಇದ್ದಂತೆ ಅನ್ನಿಸಿತು. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಯಾರನ್ನೂ ಬೇಡಿಕೊಳ್ಳಲಿಲ್ಲ ಎಂದೇ ನನ್ನ ನೆನಪು. ಕಾರಿಗೆ ಬಂದು ಕೂತಾಗ ಎರಡು ಗಂಟೆ ಕಳೆದಿತ್ತು. ಇಪ್ಪತ್ತು ನಿಮಿಷ ಇರಬಹುದು ಅಂದುಕೊಂಡಿದ್ದೆ.

ಮನೆಗೆ ಬಂದೆ. ಎಂಟು ಗಂಟೆಗೆ ಊಟಕ್ಕೆ ಕೂತೆವು. ಒಂಬತ್ತೂವರೆಗೆ ಡೇವ್ ಫೋನು ಮಾಡಿ ಡಾಕ್ಟರು ಸಿಕ್ಕರು ಎಂದ. ಬೆಳಕು ಹರಿಯುವ ಹೊತ್ತಿಗೆ ಕ್ಯಾಂಪಿನ ಅಡುಗೆಯವನು ಒಲೆ ಹಚ್ಚಲು ಎದ್ದಾಗ, ಬೇಲಿಯ ಬಾಗಿಲಿಗೆ ಒರಗಿ ಕೂತಿದ್ದರಂತೆ. ಮರ ಇದ್ದದ್ದು ಅಲ್ಲಿಂದ ಐದಾರು ಮೈಲಿ ದೂರ. ಎಡಗಾಲಿನ ಹರಡಿನ ಮೂಳೆ ಎರಡು ಕಡೆ ಮುರಿದಿತ್ತು.

ಮೂರು ವಾರದ ಮೇಲೆ ಕಂಪನಿಯ ಮಾಲೀಕರು ನನ್ನನ್ನು ಕರೆದು, ಡಾಕ್ಟರು ನಿಮ್ಮ ಕಡೆಯವರಂತೆ, ಹೂವು ತೆಗೆದುಕೊಂಡು ಹೋಗಿ ಮಾತಾಡಿಸಿ ಬನ್ನಿ ಎಂದರು. ಹೂವಿನ ಜೊತೆ ವಕೀಲರು ಬರೆದ ಒಂದು ಕಾಗದ. ನಡೆದದ್ದರ ಬಗ್ಗೆ ಕಂಪನಿಯ ಮೇಲೆ ನನ್ನದೇನೂ ದೂರಿಲ್ಲ ಎಂದು ಅದರಲ್ಲಿತ್ತು. ಅದಕ್ಕೆ ಅವರ ಸಹಿ ಬೇಕಾಗಿತ್ತು.

ಡಾಕ್ಟರ ಹೆಸರು ಉತ್ತಯ್ಯ. ಕೊಡಗಿನವರು, ಅರವತ್ತು ದಾಟಿದವರು. ಫಾಸ್ಟರ್ ಸಿಟಿಯ ಹಿನ್ನೀರಿನ ದಡದಲ್ಲಿ ಅವರ ಮನೆ. ಹೊರಗಿನ ನೀರಿನ ಬೆಳಕು ಒಳಗಿನ ಚಾವಣಿಯ ಮೇಲೆ ಅಲುಗಾಡುತ್ತಿತ್ತು. ಮಾತಾಡುವಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನಾನು ಕನ್ನಡದವನೆಂದು ತಿಳಿದು ಅವರಿಗೆ ಖುಷಿಯಾಯಿತು. ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದು ನಾನು ಹೇಳಿದಾಗ, ಅಂಥವನು ಬೇಟೆ ಮಾರುವುದೆಂದರೆ ಈಜು ಬಾರದವ ದೋಣಿ ಮಾರಿದ ಹಾಗಾಯಿತಲ್ಲ ಎಂದು ನಕ್ಕರು. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಸರಿಯಾಗಿ ಇಟ್ಟುಕೊಂಡು ಆ ರಾತ್ರಿಯ ವಿಷಯ ಹೇಳಿದರು.

ಕಾಡೆಮ್ಮೆ ಅವರ ಹಿಂದಿನಿಂದ ಬಂದಿತ್ತು. ಓಡಿದರು, ಬತ್ತಿದ ಹಳ್ಳದೊಳಗೆ ಬಿದ್ದರು. ಎದ್ದು ನಿಲ್ಲಲಾಗಲಿಲ್ಲ. ಕತ್ತಲಾದ ಮೇಲೆ ಸುತ್ತ ಕತ್ತೆಕಿರುಬಗಳ ಕೂಗು. ಎಷ್ಟೋ ಹೊತ್ತಿನ ಮೇಲೆ ದಡದಲ್ಲಿ ಒಬ್ಬ ಮನುಷ್ಯ ನಿಂತಿದ್ದ.

"ಪಟ್ಟಿಯಲ್ಲಿ ಹೆಸರು ನೋಡಿದ್ದೆ. ಆಫ್ರಿಕಾದಲ್ಲೂ ಒಬ್ಬ ಕೆಂಚಯ್ಯ ಉಂಟು ನೋಡು ಅಂತ ಹೆಂಡತಿಗೆ ತಮಾಷೆ ಮಾಡಿದ್ದೆ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತಿದ್ರು ಕ್ಯಾಂಪಿನವರು. ಸರಿ, ಬಂದ ಅಂದ್ಕೊಂಡೆ. ಕೆಂಚಯ್ಯನಾ ಅಂದೆ. ಹೂಂ ಅಂದ."

ಅವನು ಇಳಿದು ಬಂದು ಹೆಗಲು ಕೊಟ್ಟು ಎಬ್ಬಿಸಿದ. ರಾತ್ರಿಯಿಡೀ ನಡೆದರು. ಮುಖ ಕಾಣಲಿಲ್ಲ. ಅವನು ಯಾವ ಭಾಷೆಯಲ್ಲಿ ಮಾತಾಡಿದ ಎಂದು ಕೇಳಿದೆ. ಅದನ್ನು ಗಮನಿಸಲೇ ಇಲ್ಲ, ಅರ್ಥವಾಗುತ್ತಿತ್ತು, ಅಷ್ಟೇ ಎಂದರು. ಇಷ್ಟರವರೆಗೆ ನನಗೆ ಏನೂ ಅನ್ನಿಸಲಿಲ್ಲ. ನೋವು, ಬಾಯಾರಿಕೆ, ಮೊದಲೇ ತಲೆಯಲ್ಲಿದ್ದ ಒಂದು ಹೆಸರು: ಮನಸ್ಸು ಒಬ್ಬ ಮನುಷ್ಯನನ್ನು ಕಟ್ಟಿಕೊಳ್ಳಲು ಇಷ್ಟು ಸಾಕು. ಮುರಿದ ಕಾಲಿನಲ್ಲಿ ನಡೆದವರೂ ಇದ್ದಾರೆ.

"ಒಂದು ವಿಚಿತ್ರ ಅಭ್ಯಾಸ ಮಾರಾಯ್ರೆ ಅವನಿಗೆ," ಎಂದರು ಡಾಕ್ಟರು. "ಸ್ವಲ್ಪ ದೂರ ಹೋಗೋದು, ನಿಲ್ಸೋದು, ನನ್ನ ತಲೆ ಮುಟ್ಟಿ 'ಒಂದು' ಅನ್ನೋದು. ಮತ್ತೆ ನಡೆಯೋದು. ಮತ್ತೆ ನಿಲ್ಸಿ 'ಒಂದು'. ಬೆಳಗಾಗೋವರೆಗೆ ಅದೇ. ಮುಂದಿನ ಲೆಕ್ಕ ಯಾಕಿಲ್ಲ ಅಂತ ಕೇಳೋಣ ಅಂದ್ಕೊಂಡೆ, ಕೇಳಲಿಲ್ಲ."

ನಾನು ಚಾವಣಿ ನೋಡುವುದನ್ನು ನಿಲ್ಲಿಸಿದೆ.

ನಮ್ಮೂರಿನಿಂದ ಶಾಲೆಗೆ ನಾಲೆಯ ಏರಿಯ ಮೇಲೆ ಹೋಗಬೇಕಿತ್ತು. ಒಂದು ವರ್ಷ ಒಬ್ಬ ಹುಡುಗಿ ನೀರಿಗೆ ಬಿದ್ದು ಹೋದಳು. ಅಂದಿನಿಂದ ಶಾಲೆ ಬಿಟ್ಟ ಮೇಲೆ ನಮ್ಮ ಕಡೆಯ ಏಳು ಮಕ್ಕಳನ್ನು ಮನೆಗೆ ಮುಟ್ಟಿಸುವ ಕೆಲಸ ಕೆಂಚಯ್ಯನದಾಯಿತು. ಏರಿ ತಿರುಗುವ ಕಡೆಯಲ್ಲೆಲ್ಲ ನಮ್ಮನ್ನು ನಿಲ್ಲಿಸಿ, ಒಬ್ಬೊಬ್ಬರ ತಲೆ ಮುಟ್ಟಿ ಒಂದು, ಎರಡು ಎಂದು ಏಳರವರೆಗೆ ಎಣಿಸುತ್ತಿದ್ದ. ಏಳು ತುಂಬಿದರೆ ಮಾತ್ರ ಮುಂದಿನ ಹೆಜ್ಜೆ. ನಾನು ಕಾಲೇಜಿನಲ್ಲಿ ಓದುವಾಗಲೇ ಅವನು ತೀರಿಕೊಂಡ. ಈ ಎಣಿಕೆಯ ವಿಷಯ ನನಗೆ ಇಪ್ಪತ್ತು ವರ್ಷದಿಂದ ನೆನಪಿಗೇ ಬಂದಿರಲಿಲ್ಲ.

ಅಥವಾ ಬಂದಿತ್ತೋ? ನಾನು ಟೈಪು ಮಾಡಿದ ಆ ಎರಡು ಸಾಲಿನಲ್ಲಿ ಅದೇ ಇತ್ತೋ ಏನೋ. ಇದ್ದರೆ ಅದು ಪಟ್ಟಿಯ ಜೊತೆ ಮುದ್ರಣವಾಗಿ ಡಾಕ್ಟರ ಕಣ್ಣಿಗೂ ಬಿದ್ದಿರಬಹುದು. ಆಗ ಎಲ್ಲವೂ ಬಗೆಹರಿಯುತ್ತದೆ. ಪಟ್ಟಿಯಲ್ಲಿ ಹೆಸರಿನ ಕೆಳಗೆ ಏನಾದರೂ ಬರೆದಿತ್ತೇ ಎಂದು ಕೇಳಿದೆ. ಹೆಸರು ಮಾತ್ರ ನೆನಪುಂಟು, ಕಾಗದ ಅಂಗಿಯ ಜೇಬಿನಲ್ಲಿತ್ತು, ಆಸ್ಪತ್ರೆಯಲ್ಲಿ ಅಂಗಿ ಕತ್ತರಿಸಿ ಎಸೆದರು ಎಂದರು. ಕ್ಯಾಂಪಿಗೆ ಹೋಗುತ್ತಿದ್ದ ಪಟ್ಟಿಯಲ್ಲಿ ಹೆಸರುಗಳಷ್ಟೇ. ಆ ಎರಡು ಸಾಲಿನ ಉಳಿದಿದ್ದ ಒಂದೇ ಪ್ರತಿಯನ್ನು ನಾನೇ ಅಳಿಸಿದ್ದೆ.

ಅಷ್ಟರಲ್ಲಿ ಅವರು ವಕೀಲರ ಕಾಗದ ತೆಗೆದುಕೊಂಡು ಪೆನ್ನು ಬಿಚ್ಚಿದ್ದರು. ಆ ಕೆಂಚಯ್ಯನಿಗೆ ಒಂದು ಒಳ್ಳೆಯ ಕೋವಿ ಕಳಿಸಬೇಕು, ವಿಳಾಸ ಕೊಡಿ ಎಂದರು. ಸುಮ್ಮನಿದ್ದರೆ ಕೆಲಸ ಮುಗಿಯುತ್ತಿತ್ತು. ಇರಲಾಗಲಿಲ್ಲ.

"ಡಾಕ್ಟ್ರೇ, ಆ ಹೆಸರಿನವನು ಅಲ್ಲಿ ಇಲ್ಲವೇ ಇಲ್ಲ. ಟೆಸ್ಟ್ ಮಾಡೋಕೆ ಅಂತ ನಾನೇ ಹಾಕಿದ ಹೆಸರು, ತೆಗೆಯೋದು ಮರೆತೆ. ಮರದ ಹತ್ರ ನಿಮ್ಮ ಜೊತೆ ಯಾರೂ ಇರ್ಲಿಲ್ಲ ಅಂದ್ರೆ ಅದಕ್ಕೆ ಕಾರಣ ನಾನು."

ಅವರು ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಕಾಗದವನ್ನು ನನ್ನ ಕಡೆಗೆ ಸರಿಸಿದರು.

"ನನ್ನ ಜೊತೆ ನಡೆದವ ಯಾರು ಹೇಳಿ. ಆಮೇಲೆ ಸೈನ್ ಹಾಕ್ತೇನೆ."

 ಶಾಲೆಯ ಜವಾನನ ವಿಷಯವನ್ನು ಹೇಳುವ ಧೈರ್ಯ ಬರಲಿಲ್ಲ. ಹೂವು ಅಲ್ಲಿಟ್ಟು, ಕಾಗದ ಹಿಡಿದುಕೊಂಡು ಬಂದೆ.

ಮನೆಯಲ್ಲಿ ಸುಮಾಗೆ ಮೊದಲ ಸಲ ಎಲ್ಲ ಹೇಳಿದೆ, ಅಳಿಸಿದ್ದನ್ನೂ ಸೇರಿಸಿ. ಅವಳು ಬಟ್ಟೆ ಮಡಿಸುತ್ತಾ ಕೇಳಿದಳು. ಕೆಲಸ ಹೋಗಬಹುದು ಎಂದಾಗಲೂ ಕೈ ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ, "ಅವತ್ತು ಊಟಕ್ಕೆ ಕೂತಾಗ್ಲೇ ಹೇಳಿದ್ರಲ್ಲ," ಎಂದಳು.

ನಾನು ಏನು ಹೇಳಿದ್ದೆ ಎಂದು ಕೇಳಿದೆ.

"ಆಫ್ರಿಕಾದಲ್ಲಿ ಒಬ್ರು ಕಳೆದುಹೋಗಿದಾರೆ, ಒಬ್ಬನ್ನ ಕಳಿಸಿದೀನಿ, ಸಿಕ್ತಾರೆ ಅಂದ್ರಿ. ಆಮೇಲೆ ಮಜ್ಜಿಗೆ ಹಾಕ್ಸಿಕೊಂಡ್ರಿ."

ಡೇವ್‌ನ ಫೋನಿಗೆ ಮೊದಲೇ ಎಂದು ಕೇಳಿದೆ. ಮೊದಲೇ, ನಿಮಗೆ ಊಟ ಬಡಿಸುವಾಗ ಎಂದಳು. ನನಗೆ ಆ ಊಟ ನೆನಪಿದೆ. ಹುರುಳಿಕಾಯಿ ಪಲ್ಯ ಇತ್ತು. ಏನೂ ಮಾತಾಡದೆ ಉಂಡೆ ಎಂದೇ ನೆನಪು. ಇಷ್ಟು ವರ್ಷಗಳಲ್ಲಿ ಅವಳನ್ನು ಎಷ್ಟೋ ಸಲ, ಬೇರೆ ಬೇರೆ ರೀತಿಯಲ್ಲಿ, ಅಡ್ಡ ಪ್ರಶ್ನೆ ಹಾಕಿ ಕೇಳಿದ್ದೇನೆ. ಒಂದು ಮಾತನ್ನೂ ಬದಲಾಯಿಸಿಲ್ಲ. ನನಗೆ ಸಿಟ್ಟು ಬಂದಾಗ ಮಾತ್ರ, ನಿಮಗೆ ಲೆಕ್ಕ ಗೊತ್ತು, ನೀವು ಆಡಿದ್ದು ನಿಮಗೆ ಗೊತ್ತಿರಲ್ಲ ಎನ್ನುತ್ತಾಳೆ.

ಡಾಕ್ಟರು ದೂರು ಕೊಡಲಿಲ್ಲ. ಮಗಳು ಹುಟ್ಟಿದಳು, ಆರೇಳು ತಿಂಗಳಲ್ಲಿ ಬೇರೆಲ್ಲ ಕಂಪನಿಗಳ ಹಾಗೆ ನಮ್ಮದೂ ಮುಚ್ಚಿತು, ನನಗೆ ಸಾಂಟಾ ಕ್ಲಾರಾದಲ್ಲಿ ಬೇರೆ ಕೆಲಸ ಸಿಕ್ಕಿತು. ಸಹಿಯಿಲ್ಲದ ಆ ಕಾಗದ ಯಾರಿಗೂ ಬೇಡವಾಗಿ ನನ್ನ ಬಳಿಯೇ ಉಳಿಯಿತು. ಡಾಕ್ಟರಿಗೆ ಒಂದು ಉತ್ತರ ಬರೆಯಲು ಈಗಲೂ ಆಗಾಗ ಕೂರುತ್ತೇನೆ. ಸುಮಾ ಹೇಳುವುದು ನಿಜವಾದರೆ, ಕಳಿಸಿದವನು ನಾನು ಎಂದು ಶುರುಮಾಡಬೇಕು. ನನ್ನ ನೆನಪು ನಿಜವಾದರೆ, ನಾನು ಯಾರನ್ನೂ ಕಳಿಸಲಿಲ್ಲ ಎಂದು ಶುರುಮಾಡಬೇಕು. ಎರಡರಲ್ಲಿ ಯಾವುದನ್ನು ಬರೆದರೂ ಸುಳ್ಳು ಬರೆದ ಹಾಗೆ ಅನ್ನಿಸಿ, ಪೆನ್ನು ಕೆಳಗಿಟ್ಟು ಏಳುತ್ತೇನೆ.