ಹಿತ್ತಲ ತಂತಿಯ ಬಿಳಿ ಅಂಗಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಗವಾಡ ಸೀಮೆಯ ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನರ್ಸ್ ಹಾಲಸಿದ್ದ ಬೆಡ್‌ಪ್ಯಾನಿನ ಮೇಲೆ ಬಿಸಿನೀರು ಹೊಯ್ದು, ಒರೆಸಿ, ಅಂಗೈಯಿಂದ ಮುಟ್ಟಿ ನೋಡುತ್ತಿದ್ದಾರೆ. ತಣ್ಣನೆಯ ಸ್ಟೀಲು ತಾಗಿದರೆ ಮುದುಕರು ಮೈ ಬಿಗಿಹಿಡಿಯುತ್ತಾರೆ. ಆಮೇಲೆ ಎಷ್ಟು ಹೊತ್ತಾದರೂ ಏನೂ ಆಗುವುದಿಲ್ಲ.

ಪಕ್ಕದಲ್ಲಿ ಮೂವರು ಹುಡುಗಿಯರು ನಿಂತಿದ್ದಾರೆ. ಮೂಗಿಗೆ ಓಢಣಿ ಹಿಡಿಯಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಪ್ರತಿ ಜೂನಿನಲ್ಲೂ ಹೀಗೆಯೇ. ನರ್ಸಿಂಗ್ ಸೇರುವ ಮನಸ್ಸಿದ್ದವರು ಆಸ್ಪತ್ರೆಯ ಸುತ್ತಲಿನ ಊರುಗಳಿಂದ ಹಾಲಸಿದ್ದರನ್ನು ಹುಡುಕಿಕೊಂಡು ಬರುತ್ತಾರೆ, ಯಾವ ಕಾಲೇಜು ಚಲೋ ಎಂದು ಕೇಳುತ್ತಾರೆ. "ಮೊದಲ ಒಂದ್ ಮುಂಜಾನಿ ವಾರ್ಡಿನ್ಯಾಗ ನಿಂದರ್ರಿ. ಕಾಲೇಜಿನ ಮಾತು ಆಮ್ಯಾಲ," ಎನ್ನುತ್ತಾರೆ ಹಾಲಸಿದ್ದ. ರೋಗಿ ಒಪ್ಪಿದರೆ ಮಾತ್ರ ಪರದೆಯೊಳಗೆ ಕರೆಯುತ್ತಾರೆ.

ಅಲ್ಲಿ ಹೇಳುವುದೆಲ್ಲ ಸಣ್ಣ ಸಣ್ಣ ಮಾತು. ಹಸಿದ ಹೊಟ್ಟೆಯಲ್ಲಿ ಡ್ಯೂಟಿಗೆ ಬರಬೇಡಿ. ಮೊದಲ ವಾರ ವಾಂತಿ ಬಂದರೆ ಗಾಬರಿ ಬೇಡ, ಎಲ್ಲರಿಗೂ ಬರುತ್ತದೆ. ರೋಗಿಯನ್ನು ಎತ್ತುವಾಗ ಮೊಣಕಾಲು ಮಡಚಿ, ಸೊಂಟ ಬಗ್ಗಿಸಿದರೆ ನಿಮ್ಮ ಸೊಂಟವೇ ಹೋಗುತ್ತದೆ. ಗಂಡಸಿನ ಮೈ ಒರೆಸುವುದು ಹೇಗೆ ಎಂದು ಹುಡುಗಿಯರು ನಾಚಿ ಕೇಳಿದಾಗ ಮಾತ್ರ ದನಿ ಗಟ್ಟಿಯಾಗುತ್ತದೆ: "ನಿಮ್ಗ ನಾಚಿಕಿ ಬರ್ತೈತಿ, ಖರೆ. ಮಲಗಿದಾಂವಗ ಅದಕ್ಕಿಂತ ಜಾಸ್ತಿ ಬಂದಿರ್ತೈತಿ. ಮೊದಲ ಅವನ ಮ್ಯಾಲ ಚಾದರ ಹಾಕ್ರಿ. ತೊಳ್ಯಾದು ಆಮ್ಯಾಲ."

ಇಷ್ಟು ಹೇಳಿಕೊಡುವ ಹಾಲಸಿದ್ದ ತಮ್ಮ ನಾಚಿಕೆಯ ಮೇಲೆ ಮಾತ್ರ ಬಹಳ ವರ್ಷ ಬೇರೆಯದೇ ಚಾದರ ಹಾಕಿದ್ದರು. ಯಡೂರಿನ ಆಚೆ, ಹೊಳೆದಂಡೆಯ ಊರು ಇವರದು. ಮನೆತನದ ಕಸುಬು ಕುರಿ ಸಾಕಣೆ. ತಂದೆ ಮಹಾದೇವ ಈಯಲಾರದ ಕುರಿಯ ಹೊಟ್ಟೆಗೆ ಕೈ ಹಾಕಿ ಮರಿ ಎಳೆದವರು, ಹುಳ ಬಿದ್ದ ಗಾಯವನ್ನು ಬರಿಗೈಯಲ್ಲಿ ತೊಳೆದವರು. ಆ ಕೈ ತೊಳೆದುಕೊಂಡು ರೊಟ್ಟಿ ತಿನ್ನುವಾಗ ಅವರಿಗೆ ಎಂದೂ ಹೇಸಿಕೆ ಬಂದದ್ದಿಲ್ಲ. ಮಗ ಮನುಷ್ಯರನ್ನು ತೊಳೆಯುತ್ತಾನೆ ಎಂದಾಗ ಮಾತ್ರ ತಲೆ ತಗ್ಗಿಸಿದರು. ಅದು ಹೆಂಗಸರ ಕೆಲಸ, ಊರಲ್ಲಿ ಹೇಳಬೇಡ ಎಂದರು. ಹಾಗೆ ಹಾಲಸಿದ್ದ ಊರಿನವರ ಪಾಲಿಗೆ ಉಗಾರದ ಸಕ್ಕರೆ ಕಾರ್ಖಾನೆಯ ನೌಕರರಾದರು. ಯೂನಿಫಾರ್ಮನ್ನು ಆಸ್ಪತ್ರೆಯಲ್ಲೇ ಒಗೆದು, ಅಲ್ಲಿಯ ಮಾಳಿಗೆಯ ಮೇಲೇ ಒಣಹಾಕುತ್ತಿದ್ದರು.

ಊರಿನ ರೋಗಿ ಯಾರಾದರೂ ಬಂದರೆ ಬೇರೆ ವಾರ್ಡಿಗೆ ಅದಲುಬದಲು. "ಹಾಲಸಿದ್ದಾ, ನಿಮ್ಮೂರಾಂವ ಬಂದಾನ, ಓಡು," ಎಂದು ಹಿರಿಯ ಸಿಸ್ಟರ್ ದ್ರೌಪದಿ ಚೇಷ್ಟೆ ಮಾಡುತ್ತಲೇ ಜಾಗ ಬಿಟ್ಟುಕೊಡುತ್ತಿದ್ದರು.

ಹೋದ ವರ್ಷ, ೨೦೧೪ರ ಜೂನಿನಲ್ಲಿ, ಅಕ್ಕನ ಮಗಳು ಕೋಮಲ ವಾರ್ಡು ನೋಡಲು ಬಂದಳು. ಅಜ್ಜ ಮಹಾದೇವನ ಮನೆಯಲ್ಲೇ ಬೆಳೆದ ಹುಡುಗಿ. ನರ್ಸಿಂಗ್ ಓದಲು ಅಜ್ಜ ಒಪ್ಪಿದ್ದರು, ಆದರೆ ಊರಿಗೆ ಕಂಪ್ಯೂಟರ್ ಕೋರ್ಸ್ ಎಂದು ಹೇಳಬೇಕೆಂದು ಕರಾರು ಹಾಕಿದ್ದರು. ಹಾಗೆ ಸುಳ್ಳು ಹೇಳಬೇಕೋ ಬೇಡವೋ ಎಂದು ಮಾಮನನ್ನೇ ಕೇಳಲು ಅವಳು ಬಂದಿದ್ದಳು.

ಅದೇ ಮುಂಜಾನೆ ಮೂರನೆಯ ಮಂಚದ ಮೇಲೆ ಇವರ ಊರಿನ ತವನಪ್ಪ ಮಲಗಿದ್ದರು. ಸೊಂಟ ಮುರಿದಿತ್ತು. ದ್ರೌಪದಿ ಹೆರಿಗೆ ಕೋಣೆಯಲ್ಲಿದ್ದರು, ಬದಲಿಗೆ ಬರುವವರು ಯಾರೂ ಇಲ್ಲ. ಹಾಲಸಿದ್ದ ಕಪಾಟಿನ ಹಿಂದೆ ನಿಂತು, ಈಗಾಗಲೇ ಜೋಡಿಸಿಟ್ಟಿದ್ದ ಹತ್ತಿಯನ್ನು ಮತ್ತೆ ಜೋಡಿಸುತ್ತಿದ್ದರು.

"ಮಾಮಾ, ಆ ಅಜ್ಜನ ಹಾಸಿಗಿ ತೊಯ್ದೈತಿ," ಎಂದಳು ಕೋಮಲ. "ಅಂವ ಅಳಾಕತ್ತಾನ. ನೀ ಯಾಕ ಹೋಗವಲ್ಲಿ?"

ಹಾಲಸಿದ್ದ ಮತ್ತೆ ಹತ್ತಿಯತ್ತ ತಿರುಗಿದರು. ಅವಳು ಕೈಗವಸಿನ ಡಬ್ಬಿಗೆ ಕೈ ಹಾಕಿದಳು. ಆಗ ಹಾಲಸಿದ್ದ ಅವಳ ಕೈಯಿಂದ ಅದನ್ನು ತೆಗೆದುಕೊಂಡು ಹೋದರು.

ತವನಪ್ಪ ಮುಖದ ಮೇಲೆ ಟವೆಲ್ ಎಳೆದುಕೊಂಡಿದ್ದರು. ಹಾಲಸಿದ್ದ ತೊಳೆದು, ಒಣ ಬಟ್ಟೆ ಹಾಸಿ ಮುಗಿಸಿದಾಗ ಟವೆಲ್ಲಿನ ಅಂಚು ಸರಿಸಿ ನೋಡಿದರು. "ಮಾದೇವನ ಮಗ ಅಲ್ಲೇನೋ? ಸಕ್ಕರಿ ಇಲ್ಲೇ ತಯಾರ್ ಮಾಡ್ತೀಯಾ?" ಎಂದು ನಕ್ಕರು. ಆಮೇಲೆ ನಗು ನಿಂತಿತು. ತಮ್ಮನ್ನು ಹೀಗೆ ನೋಡಿದ್ದನ್ನು ಊರಲ್ಲಿ ಹೇಳಬೇಡವೆಂದು ಕೈ ಹಿಡಿದು ಬೇಡಿಕೊಂಡರು, ತಾವೂ ಹೇಳುವುದಿಲ್ಲವೆಂದು ಮಾತು ಕೊಟ್ಟರು. ಗುಟ್ಟು ಭದ್ರವಾಗಿಯೇ ಉಳಿಯುತ್ತಿತ್ತು.

"ಅದ ನೋಡ್ರಿ, ಅವತ್ತ ನನ್ನ ಮಾರಿ ಎತ್ತಾಕ ಆಗ್ಲಿಲ್ಲ," ಎನ್ನುತ್ತಾರೆ ಹಾಲಸಿದ್ದ. "ಅಂವ ತೊಯ್ದ ಹಾಸಿಗ್ಯಾಗ ಇದ್ದ. ನಾ ಕಪಾಟಿನ ಹಿಂದ ಇದ್ದೆ. ಹುಡುಗಿ ಇಬ್ಬರನ್ನೂ ನೋಡಿದ್ಲು."

ಹಿಂದಿರುಗುವ ಬಸ್ಸಿನಲ್ಲಿ ಮಾಮ ಪಕ್ಕದಲ್ಲೇ ಇದ್ದರೂ ಕೋಮಲ ತನ್ನ ಪ್ರಶ್ನೆ ಕೇಳಲೇ ಇಲ್ಲ. ಊರಿನಲ್ಲಿ ಇಳಿದಾಗ, ಏನು ಓದುತ್ತೀ ಎಂದು ಅಂಗಡಿ ಕಟ್ಟೆಯ ಮೇಲಿದ್ದವರು ವಿಚಾರಿಸಿದರು. "ನರ್ಸಿಂಗ್. ನಮ್ಮ ಮಾಮಾ ಮಾಡ್ತಾನಲ್ಲ, ಅದ," ಎಂದು ಹೇಳಿ ಮನೆಯತ್ತ ನಡೆದಳು. ಹಾಲಸಿದ್ದ ಕಟ್ಟೆಯತ್ತ ನೋಡದೆ ಚುರುಕಾಗಿ ಅವಳ ಹಿಂದೆ ಹೆಜ್ಜೆ ಹಾಕಿದರು.

ಕೋಮಲ ಈಗ ನಿಪ್ಪಾಣಿಯಲ್ಲಿ ಮೊದಲ ವರ್ಷ ಓದುತ್ತಿದ್ದಾಳೆ. ಮಹಾದೇವ ಇನ್ನೂ ಮಗನ ಕೆಲಸದ ಹೆಸರೆತ್ತುವುದಿಲ್ಲ. ಕಟ್ಟೆಯ ಮುಂದೆ ಹಾಯುವಾಗ ಹಾಲಸಿದ್ದರ ನಡಿಗೆ ಇಂದಿಗೂ ಚುರುಕಾಗುತ್ತದೆ. ವಾರ್ಡಿಗೆ ಬಂದ ಮಕ್ಕಳಿಗೆ ಕೊನೆಗೆ ಹೇಳುವ ಮಾತೊಂದು ಹೊಸದಾಗಿ ಸೇರಿದೆ: ಯಾರಾದರೂ ಕೇಳಿದರೆ ಮೊದಲ ದಿನವೇ ಇದ್ದದ್ದು ಹೇಳಿಬಿಡಿ, ದಿನ ಹೋದಂತೆ ಬಾಯಿ ಕಟ್ಟುತ್ತದೆ.

"ಈಗ ಯೂನಿಫಾರ್ಮ್ ಮನಿಗೆ ಒಯ್ತೀನ್ರಿ," ಎನ್ನುತ್ತಾರೆ, ಬೆಡ್‌ಪ್ಯಾನ್ ತೊಳೆದು ಬೋರಲು ಹಾಕುತ್ತ. "ನಮ್ಮವ್ವ ಸಾವಕ್ಕ ಒಗೀತಾಳ. ಹಿತ್ತಲದಾಗ, ಸೀರಿ ಹಿಂದ, ಯಾರಿಗೂ ಕಾಣದಂಗ ಒಣಹಾಕ್ತಾಳ. ಒಂದಿನ ರಸ್ತಾ ಕಡೆ ತಂತಿಗೆ ಹಾಕಿದ್ರ ಸಾಕು."