ಸೋಣೆಗೆ ಬರುತ್ತೇನೆ ಎಂದ ಅತ್ತಿಗೆ

೧೯ ಜುಲೈ ೨೦೧೪, ಶನಿವಾರ, ಸಂಜೆ ನಾಲ್ಕೂವರೆ. ಮರವಂತೆಯ ಕಡಲು ಅಬ್ಬರಿಸುತ್ತಿದೆ. ಒರೆಸಲೆಂದು ಕಪಾಟು ತೆಗೆದರೆ ನುಸಿಗುಳಿಗೆಯ ವಾಸನೆ. ಅಡಿಯಲ್ಲಿ ನೀಲಿ ಉಣ್ಣೆಯ ಸ್ವೆಟರ್. ಪಕ್ಕದ ಮನೆಯ ಅತ್ತಿಗೆಯದು...

ಅವರು ಮದುವೆಯಾಗಿ ಬಂದದ್ದು ೨೦೦೮ರ ಮೇ ಕೊನೆಯಲ್ಲಿ. ನಾನು ಅಣ್ಣ ಎನ್ನುತ್ತಿದ್ದ ಅವರ ಗಂಡ ಇಂಗ್ಲೆಂಡಿನ ಹೋಟೆಲೊಂದರಲ್ಲಿ ಅಡುಗೆಯವರು. ರಜೆ ಆಗಸ್ಟ್ ಮೊದಲ ವಾರದವರೆಗೆ ಮಾತ್ರ. ನಡುವೆ, ಜುಲೈ ಮಧ್ಯದಲ್ಲಿ, ನಮ್ಮ ಕಡೆಯ ಆಸಾಡಿ ತಿಂಗಳು ಬಂತು. ಹೊಸ ಮದುಮಗಳು ಆ ತಿಂಗಳು ಗಂಡನ ಮನೆಯಲ್ಲಿರುವಂತಿಲ್ಲ; ಅತ್ತಿಗೆಯನ್ನು ಸಿದ್ದಾಪುರದ ತವರಿಗೆ ಕಳಿಸಿದರು. ಅಣ್ಣ ಒಮ್ಮೆ ಹೋಗಿ, ಜಗಲಿಯಲ್ಲಿ ಚಾ ಕುಡಿದು ಬಂದರು. ಆಗಸ್ಟ್ ಮಧ್ಯದಲ್ಲಿ ಸೋಣೆ ತಿಂಗಳು ಹುಟ್ಟಿ ಹೆಂಡತಿ ಮರಳುವ ಮೊದಲೇ ವಿಮಾನ ಹತ್ತಿದರು.

ಅತ್ತಿಗೆಯ ಮೊದಲ ವೀಸಾ ಅರ್ಜಿ ತಿರಸ್ಕೃತವಾಯಿತು. ಗಂಡ ಹೊರಡುವ ಮೊದಲಿನ ವಾರಗಳಲ್ಲಿ ಎಲ್ಲಿದ್ದಿರಿ ಎಂದು ಸಂದರ್ಶನದಲ್ಲಿ ಕೇಳಿದ್ದಕ್ಕೆ, ತವರಿನಲ್ಲಿ ಅಂದಿದ್ದರಂತೆ. ನಿಜವಾಗಿ ಒಟ್ಟಿಗೆ ಬಾಳಿದ ದಂಪತಿಯೆಂಬ ನಂಬಿಕೆ ಬರುವುದಿಲ್ಲ ಎಂದು ಕಾಗದ ಬಂತು. ಅಲ್ಲಿಂದ ಗೇಟಿನ ಸದ್ದಾದರೆ ಸಾಕು, ಅವರು ಕೈಯ ಚೊಂಬನ್ನು ಅಲ್ಲೇ ಇಟ್ಟು ಒಳಗೆ ಹೋಗುತ್ತಿದ್ದರು. ಹುಡುಗಿಯಲ್ಲೇ ಏನೋ ದೋಷ ಎಂದು ನೆರೆಕೆರೆಯಲ್ಲಿ ಮಾತು ಶುರುವಾಗಿತ್ತು.

ಎರಡನೇ ಸಲಕ್ಕೆ, ಆಗ ಪಿಯುಸಿಯಲ್ಲಿದ್ದ ನಾನೇ ಅಧಿಕಾರಿಯಂತೆ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸುತ್ತಿದ್ದೆ. ಅವರ ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

"ಈ ಸಲ ನಮ್ಮನಿಯಗೇ ಇದ್ದೆ ಅನ್ ಹೆಣೆ. ಅವ್ರೆಂತ ಆಸಾಡಿ ಕಂಡಿದ್ರಾ?"

ಅತ್ತೆ ಒಳಹೋದ ಮೇಲೆ ಅತ್ತಿಗೆ ನನ್ನ ಕೈ ಹಿಡಿದರು. "ಇವ್ರ್ ಇಂಗ್ಲೆಂಡಿಂದ ಬೇರೆ ಹೇಳಿರೆ ಎಂತ ಮಾಡೂದ್ ಮಾರಾಯ್ತಿ? ನಂಗೆ ಹೆದ್ರಿಕೆ ಆತ್ತ್."

ಆದರೂ ಚೆನ್ನೈಯ ವೀಸಾ ಕಚೇರಿಗೆ ಹೋಗಿ ಅತ್ತೆ ಹೇಳಿದಂತೆಯೇ ಹೇಳಿ ಬಂದರು. ಅಣ್ಣನೋ, ಇಂಗ್ಲೆಂಡಿನಿಂದ ಆ ಕಚೇರಿಗೆ ಕಳಿಸಿದ ಪತ್ರದಲ್ಲಿ ಆಸಾಡಿಯ ಪದ್ಧತಿಯನ್ನೆಲ್ಲ ಇದ್ದದ್ದು ಇದ್ದಂತೆ ಬಿಡಿಸಿ ಬರೆದಿದ್ದರು. ಅದನ್ನು ತಿಳಿಸಲು ಅವರು ಮನೆಗೆ ಫೋನ್ ಮಾಡಿದಾಗ ಅತ್ತಿಗೆ ಆಗಲೇ ಚೆನ್ನೈಗೆ ಹೋಗುವ ಬಸ್ಸಿನಲ್ಲಿದ್ದರು, ಕೈಯಲ್ಲಿ ಮೊಬೈಲ್ ಇರಲಿಲ್ಲ... ಎರಡನೇ ತಿರಸ್ಕಾರದ ಕಾಗದದಲ್ಲಿ ಸುಳ್ಳು ಹೇಳಿದ್ದಾರೆ ಎಂಬ ಮಾತೂ ಸೇರಿತು.

ಆಸಾಡಿಗೆ ತವರಿಗೆ ಹೋಗುವುದು ಮದುವೆಯಾದ ಮೊದಲ ವರ್ಷ ಮಾತ್ರ. ಮರುವರ್ಷದ ಆಸಾಡಿಗೂ ಅತ್ತೆ ಅವರನ್ನು ಕಳಿಸಿದರು. ಚಳಿದೇಶಕ್ಕೆಂದು ಕೊಂಡಿದ್ದ ಸ್ವೆಟರನ್ನು ಅತ್ತಿಗೆ ನನ್ನ ಕೈಗಿತ್ತು, "ಇಟ್ಕೊ, ಸೋಣೆಗ್ ಬತ್ತೆ" ಅಂದರು.

ಸೋಣೆ ಬಂತು. ಕರೆತರಲು ಯಾರೂ ಹೋಗಲಿಲ್ಲ.

ಆಮೇಲೆ ತವರಿನವರು ಮುಂಬೈಗೆ ಹೋದರಂತೆ. ಇವತ್ತು ಆಸಾಡಿಯ ಮೂರನೇ ದಿನ. ಹೊಸ ನುಸಿಗುಳಿಗೆ ಹಾಕಿ ಸ್ವೆಟರನ್ನು ಮತ್ತೆ ಮಡಚಿಟ್ಟೆ. ಅತ್ತಿಗೆಯ ಸುದ್ದಿ ಬಲ್ಲವರಿದ್ದರೆ ಬರೆದು ತಿಳಿಸಿ. ಅವರೇ ಸಿಕ್ಕಿದರೆ, ಅದನ್ನು ಇನ್ನೂ ಯಾರೂ ತೊಟ್ಟಿಲ್ಲ ಎಂದು ಹೇಳಿ.