ದುಬೈಯಲ್ಲಿದ್ದ ಅಣ್ಣ

ಅಣ್ಣ ಜೈಲಿಗೆ ಹೋದ ವಾರವೇ ನಾವು ಅವನನ್ನು ದುಬೈಗೆ ಕಳಿಸಿಬಿಟ್ಟಿದ್ದೆವು. ಮಲಾಡ್‌ನ ನಮ್ಮ ಬಿಲ್ಡಿಂಗಿನಲ್ಲಿ ಯಾರು ಕೇಳಿದರೂ ಅದೇ ಉತ್ತರ. ಪ್ರತಿ ದೀಪಾವಳಿಗೆ ನಾನು ಸ್ಟೇಷನ್ ಪಕ್ಕದ ಅಂಗಡಿಯಿಂದ ಖರ್ಜೂರ ತಂದು, ಅಣ್ಣ ಕಳಿಸಿದ್ದಾನೆಂದು ಮನೆಮನೆಗೆ ಹಂಚುತ್ತಿದ್ದೆ. ಸುಳ್ಳು ಹೇಳುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹೋದ ವರ್ಷ ಅವನು ಕೆಲವು ದಿನ ಮನೆಗೆ ಬಂದುಹೋಗಲು ಪೆರೋಲ್ ಕೇಳಿದ. ಅವ್ವನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಜೈಲಿನ ಗಾಜಿನಾಚೆ ಅವಳಿಗೆ ಮಗನ ಮುಖ ಕಾಣುತ್ತಿರಲಿಲ್ಲ. ದೃಷ್ಟಿ ಪೂರ್ತಿ ಹೋಗುವ ಮೊದಲು ಹತ್ತಿರದಿಂದ ಒಮ್ಮೆ ನೋಡಬೇಕೆಂಬುದು ಅವಳ ಹಟ. ಮನೆ ವಿಚಾರಿಸಲು ಬಂದ ಹವಾಲ್ದಾರ, ಎದುರು ಮನೆಯ ಹೆಂಗಸು ಬೆಳಗಾವಿ ಕಾಕುವನ್ನೂ ಕೇಳಿದ. ಹುಡುಗ ದುಬೈಯಲ್ಲಿದ್ದಾನೆ ಎಂದುಬಿಟ್ಟರು ಕಾಕು. ವಿಳಾಸವೇ ಅನುಮಾನವೆಂದು ವರದಿ ಹೋಯಿತು, ಅರ್ಜಿ ಬಿದ್ದುಹೋಯಿತು. ಮತ್ತೆ ಕೇಳಲು ಒಂದು ವರ್ಷ ಕಾಯಿರಿ ಎಂದರು.

ನನಗೆ ಮೈಯೆಲ್ಲ ಉರಿಯಿತು. ತಪ್ಪು ನಮ್ಮದೇ, ಒಪ್ಪಿದೆ. ಆದರೆ ಎರಡು ದಿನದಲ್ಲಿ ತಿದ್ದಬಹುದಾದ ತಪ್ಪಿಗೆ ಇಡೀ ವರ್ಷ ಯಾಕೆ? ಈ ಪ್ರಶ್ನೆಯನ್ನು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಎಷ್ಟು ಸಲ ಕೇಳಿಕೊಂಡೆನೋ.

ಈ ಸಲ ಅರ್ಜಿ ಹೋದ ದಿನವೇ ರಜೆ ಹಾಕಿ, ಕೆಳಗಿನ ಮನೆಯಿಂದ ಶುರುಮಾಡಿ ಒಂದೊಂದೇ ಬಾಗಿಲು ಬಡಿದೆ. ಅಣ್ಣ ಜೈಲಿನಲ್ಲಿದ್ದಾನೆ, ಹವಾಲ್ದಾರ ಬಂದರೆ ನಿಜವನ್ನೇ ಹೇಳಿ ಎಂದೆ. ಕೆಲವರು ಮುಖ ತಿರುಗಿಸಿದರು. ಆದರೂ ಮೂರನೆಯ ಮಹಡಿ ಮುಟ್ಟುವಷ್ಟರಲ್ಲಿ ನಾಚಿಕೆ ಹೋಗಿ ಹುರುಪು ಬಂದಿತ್ತು, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದೆ.

ಕಾಕುವಿನ ಬಾಗಿಲನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವರು ಪೂರ್ತಿ ಕೇಳಲೂ ಇಲ್ಲ.

"ನನಗ ಮೊದಲ ಗೊತ್ತಿತ್ತವಾ. ಖರ್ಜೂರದ ಡಬ್ಬಿ ಮ್ಯಾಲೆ ಇಲ್ಲೀ ಅಂಗಡಿ ಚೀಟಿ ಇರ್ತಿತ್ತು. ನಿಮ್ಮ ಮರ್ಯಾದಿ ಉಳೀಲಿ ಅಂತನ ಪೊಲೀಸನ ಮುಂದೂ ದುಬೈ ಅಂದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹವಾಲ್ದಾರ ಬಂದಾಗ ಕಾಕು ಅವನಿಗೆ ಚಹಾ ಕೊಟ್ಟು, ಹೋದ ಸಲ ಸುಳ್ಳು ಹೇಳಿದ್ದು ತಾನೇ ಎಂದು ಬರೆಸಿಯೂ ಬಿಟ್ಟರಂತೆ.

ಈ ಸಲ ಪೆರೋಲ್ ಸಿಕ್ಕಿತು. ಮೊನ್ನೆ ಬೆಳಿಗ್ಗೆ ಆಟೋ ನಿಂತ ಸದ್ದಿಗೇ ನಾನು ಬರಿಗಾಲಲ್ಲಿ ಓಡಿದೆ. ಖುಷಿಗೆ ಅಣ್ಣನ ಚೀಲದ ಬದಲು ಆಟೋದವನ ಚೀಲವನ್ನೇ ಎತ್ತಿಕೊಂಡಿದ್ದೆ. ಅವ್ವ ಅಣ್ಣನನ್ನು ಕಿಟಕಿಯ ಬೆಳಕಿಗೆ ಎಳೆದು, ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಣ್ಣಿನ ತೀರ ಹತ್ತಿರಕ್ಕೆ ತಂದುಕೊಂಡಳು.

"ಸ್ವಲ್ಪ ಕಾಣಸ್ತಿ ನೋಡಪ್ಪಾ," ಎಂದಳು. "ಹ್ವಾದ ವರ್ಷ ಬಂದಿದ್ರ ಪೂರಾ ಕಾಣಸ್ತಿದ್ದಿ."